ಸಾರಿನ ಪುಡಿಗೊಂದು ಮುಖ

ತನ್ನ ಮುಖವನ್ನು ತಾನೇ ಬರೆದುಕೊಳ್ಳುವ ಯೋಗ್ಯತೆ ಎಲ್ಲರಿಗೂ ಇರುವುದಿಲ್ಲ. ತನಗೆ ಇದೆ ಎಂದು ಹನಕೆರೆಯ ಮಹದೇವುವಿಗೆ ಒಂದು ಮಂಗಳವಾರ ಬೆಳಗ್ಗೆ ಹೊಳೆಯಿತು. ಆ ವಾರ ಮಂಡ್ಯದಿಂದ ಮಳವಳ್ಳಿಯವರೆಗಿನ ನೆಂಟರಿಷ್ಟರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬಂದು ಅತ್ತರಲ್ಲ, ಅದಕ್ಕೆಲ್ಲ ಮೂಲ ಆ ಮಂಗಳವಾರವೇ.

ಮಹದೇವು ಮೊದಲು ಸೈಕಲ್ ಅಂಗಡಿ ಇಟ್ಟಿದ್ದ. ಜನ ಸೈಕಲ್ ಬಿಟ್ಟರು, ಅವನು ಅಂಗಡಿ ಬಿಟ್ಟ. ಈಗ ಅವನ ಹೆಂಡತಿ ಚಲುವಮ್ಮ ಬಾಡಿನ ಸಾರಿಗೆ ಪುಡಿ ಮಾಡುತ್ತಾಳೆ. ಮೆಣಸಿನಕಾಯಿ ಆರಿಸುವುದು, ಧನಿಯ ಹುರಿಯುವುದು, ಚಕ್ಕೆ ಲವಂಗದ ಹದ ನೋಡುವುದು ಅವಳ ಕೆಲಸ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಪುಡಿಯ ಚೀಲ ಹಿಡಿದು ಬಸ್ಸು ಹತ್ತುವುದು ಇವನ ಕೆಲಸ. ಕೇಳಿದವರಿಗೆ ‘ನಂದೊಂದು ಪುಡಿ ಕಂಪ್ನಿ ಅದೆ’ ಎನ್ನುತ್ತಿದ್ದ. ಚಲುವಮ್ಮ ಅದನ್ನು ಕೇಳಿಯೂ ಕೇಳದವಳ ಹಾಗೆ ಧನಿಯ ಹುರಿಯುತ್ತಿದ್ದಳು.

ಅವಳಿಗೆ ಒಂದೇ ಒಂದು ಆಸೆ ಇತ್ತು, ಮನೆಯಲ್ಲೇ ಒಂದು ಸ್ವಂತ ಗಿರಣಿ. ಊರ ಮಿಲ್ಲಿನವನು ರಾಗಿ ಬೀಸಿದ ಕಲ್ಲಿಗೇ ಇವಳ ಮೆಣಸಿನಕಾಯಿ ಸುರಿಯುತ್ತಿದ್ದ. ಪುಡಿಗೆ ಹಿಟ್ಟು ಸೇರಿದರೆ ಇವಳಿಗೆ ಮೈಯೆಲ್ಲ ಉರಿ. ಮಂಡ್ಯದ ರಾಜೇಂದ್ರ ಎನ್ನುವವರ ದೊಡ್ಡ ಅಂಗಡಿ ತಿಂಗಳು ತಿಂಗಳು ಪುಡಿ ತೆಗೆದುಕೊಂಡರೆ ಗಿರಣಿ ಬಂದ ಹಾಗೇ ಎಂದು ಗಂಡ ಹೆಂಡತಿ ಲೆಕ್ಕ ಹಾಕಿಕೊಂಡಿದ್ದರು.

ಆ ರಾಜೇಂದ್ರ ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮೂಸಲೂ ಇಲ್ಲ.

“ಲೋಗೋ ಎಲ್ರೀ?”

“ಒಳಗದೆ ಸಾರ್, ಕರೀ ಮೆಣಸಿನ ಜೊತೆ ಉರಿದು ಆಕವ್ಳೆ,” ಎಂದ ಮಹದೇವು. ಲೋಗೋ ಎಂದರೆ ಏನೋ ಹೊಸ ಮಸಾಲೆ ಎಂದುಕೊಂಡಿದ್ದ.

ರಾಜೇಂದ್ರ ತಾಳ್ಮೆಯಿಂದ ಬೇರೆ ಪೊಟ್ಟಣಗಳನ್ನು ತೋರಿಸಿದರು. ಒಂದರ ಮೇಲೆ ಆನೆ, ಇನ್ನೊಂದರ ಮೇಲೆ ಮೀಸೆಯ ಮುದುಕ. “ಒಂದು ಗುರುತು ಬೇಕಲ್ರೀ. ಏನೂ ಇಲ್ಲದ ಕವರನ್ನ ನಾನು ಎಲ್ಲಿ ಇಡಲಿ? ಸೋಮವಾರದೊಳಗೆ ಲೋಗೋ ಮಾಡಿಸಿಕೊಂಡು ಬನ್ನಿ, ಆಮೇಲೆ ಮಾತಾಡೋಣ.”

ಸುದ್ದಿ ಹನಕೆರೆಯ ಟೀ ಅಂಗಡಿಗೆ ಬಂತು. ಅಲ್ಲಿ ಬಂದ ಯಾವ ಸಮಸ್ಯೆಯೂ ಇದುವರೆಗೆ ಚಿಕ್ಕದಾಗಿ ವಾಪಸು ಹೋಗಿಲ್ಲ. ಊರ ಹಿರಿಯ ಕೆಂಪಸಿದ್ದಯ್ಯ ಗ್ಲಾಸು ಕೆಳಗಿಟ್ಟು ಹೇಳಿದ: “ಟಗರು ಬರ್ಸು. ಬಂಡೂರು ಟಗರು.”

“ಟಗರು ಬರುದ್ರೆ ಕೋಳಿ ಸಾರು ಮಾಡೋರು ತಗಳ್ಳಕಿಲ್ಲ ಕಣಣ್ಣ,” ಎಂದ ಪಕ್ಕದ ಮನೆಯ ತಿಮ್ಮಯ್ಯ. ತಿಮ್ಮಯ್ಯನಿಗೆ ಎಲ್ಲ ವಿಷಯದಲ್ಲೂ ಅರ್ಧ ಗೊತ್ತಿತ್ತು.

“ಕೋಳಿನೂ ಬರ್ಸು ಮತ್ತೆ.”

“ಎರಡೂ ಬರುದ್ರೆ ಸೋಮ್ವಾರ ಪೊಟ್ಟಣ ಮುಟ್ಟೋರು ಯಾರು? ಸನಿವಾರ?”

ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತರು. ವಾರಕ್ಕೆ ಎರಡು ದಿನ ವ್ಯಾಪಾರ ಕೆಡಿಸುವ ಪ್ರಾಣಿಯನ್ನು ಹಾಕುವ ಹಾಗಿಲ್ಲ. ಹಾಗಾದರೆ ಮನುಷ್ಯನ ಮುಖವೇ ಸರಿ ಎಂದು ತೀರ್ಮಾನವಾಯಿತು. ಯಾವ ಮನುಷ್ಯ? ಮಹದೇವು ನಾಚಿಕೆಯಿಂದ ತಲೆ ತಗ್ಗಿಸಿದ.

“ಬರೆಯೋರು ಯಾರ್ಲಾ?” ಎಂದ ತಿಮ್ಮಯ್ಯ. “ಮದ್ದೂರಲ್ಲಿ ಫ್ಲೆಕ್ಸ್ ಅಂಗಡಿ ದೀಪಿಕ ಅವ್ಳಲ್ಲ, ಓದವ್ಳೆ, ಅವ್ಳತ್ರ ಮಾಡ್ಸು.”

“ಯಾಕೆ? ನಂಗೇನ್ ಕೈ ಇಲ್ವಾ? ಇಸ್ಕೂಲಲ್ಲಿ ನಾನ್ ಬರೆದ ಮಾವಿನಣ್ಣ ನೋಡಿ ಇನ್ಸ್‌ಪೆಕ್ಟ್ರು ಬೆನ್ ತಟ್ಟಿದ್ರು. ನಮ್ ಪುಡಿಗೆ ಕಂಡೋರ್ ಕೈಲಿ ಮೊಕ ಬರೆಸಾದಾ?”

ಆ ಇನ್ಸ್‌ಪೆಕ್ಟರು ಮಾವಿನ ಹಣ್ಣನ್ನು ಕುಂಬಳಕಾಯಿ ಎಂದು ತಿಳಿದು ಬೆನ್ನು ತಟ್ಟಿದ್ದು ಕೆಂಪಸಿದ್ದಯ್ಯನಿಗೆ ನೆನಪಿತ್ತು. ಆದರೆ ಟೀ ಮಹದೇವುವಿನ ಲೆಕ್ಕದಲ್ಲಿ ಬಂದಿದ್ದರಿಂದ ಸುಮ್ಮನಿದ್ದ.

ಚಲುವಮ್ಮ ಮಾತ್ರ ನೇರವಾಗಿ ಹೇಳಿದಳು: “ಜನ ನನ್ ಪುಡಿನ ಮೂಗಲ್ಲಿ ಕಂಡಿಡೀತಾರೆ, ಕಣ್ಣಲ್ಲಲ್ಲ. ಗುರ್ತು ಬೇಕೇ ಬೇಕು ಅಂದ್ರೆ ಆ ಉಡ್ಗಿ ಕೈಲೇ ಒಂದು ಮೆಣ್ಸಿನ್ಕಾಯಿ ಬರೆಸ್ಬುಡಿ. ನಿಮ್ ಮೊಕ ಯಾಕೆ?”

“ಕಂಪ್ನಿ ವಿಚಾರ ನಿಂಗೆ ತಿಳಿಯಾಕಿಲ್ಲ ಕಣಮ್ಮಿ.”

ಚಲುವಮ್ಮ ಬಾಣಲೆ ಕಡೆ ತಿರುಗಿಕೊಂಡಳು. ಮಹದೇವು ಕನ್ನಡಿಯನ್ನೂ ಬಿಳಿ ಹಾಳೆಯನ್ನೂ ತೆಗೆದುಕೊಂಡು ಅಟ್ಟ ಹತ್ತಿದ. ಮೂಗು ಬರೆಯುವುದರಲ್ಲಿ ಒಂದಿಡೀ ರಬ್ಬರು ಸವೆಯಿತು. ಮೀಸೆ ಒಂದು ಕಡೆ ದಪ್ಪವಾಯಿತು. ಇನ್ನೊಂದು ಕಡೆಯನ್ನು ಅದಕ್ಕೆ ಸಮ ಮಾಡಲು ಹೋಗಿ ಕೆನ್ನೆ ಒಳಕ್ಕೆ ಹೋಯಿತು. ಕಣ್ಣು ತೆರೆದರೆ ಹೆದರಿಕೆಯಾಗುತ್ತಿತ್ತು, ಹಾಗಾಗಿ ಅರ್ಧ ಮುಚ್ಚಿದ. ಮುಖದ ಸುತ್ತ ಒಣ ಮೆಣಸಿನಕಾಯಿಯ ಹಾರ ಬರೆದ. ಅಡುಗೆ ಎಂದರೆ ಒಲೆ ಬೇಕಲ್ಲ, ಎರಡು ಪಕ್ಕಕ್ಕೂ ಒಂದೊಂದು ಉರಿ ಬರೆದ. ಹಳೆಯ ಕಂಪನಿಗಳ ಡಬ್ಬದ ಮೇಲೆ ಇಸವಿ ಇರುತ್ತದೆ. ಇವನದ್ದಕ್ಕೆ ಯಾವುದು ಹಾಕುವುದು? ತಾನು ಹುಟ್ಟಿದ್ದು ಒಂದು, ಕಂಪನಿ ಹುಟ್ಟುತ್ತಿರುವುದು ಒಂದು, ಎರಡೂ ಇರಲಿ ಎಂದು ಕೆಳಗೆ ದುಂಡಗೆ ಬರೆದ: 1971 – 2025.

ದೊಡ್ಡ ಕಂಪನಿಗಳ ಲೋಗೋದಲ್ಲಿ ಮಾತು ಕಡಿಮೆ ಎಂದು ತಿಮ್ಮಯ್ಯ ಹೇಳಿದ್ದ. ‘ಮೊದ್ಲು ಮೊಕ ತೋರ್ಸು, ಪುಡಿ ಸಮಾಚಾರ ಮುಂದಿನ್ವಾರ. ಜನ ಕಾಯ್ಬೇಕು’ ಎಂದೂ ಹೇಳಿದ್ದ. ಆದ್ದರಿಂದ ಪುಡಿಯ ಹೆಸರು ಎತ್ತಲಿಲ್ಲ. ‘ಶ್ರೀ ಮಹದೇವು, ಹನಕೆರೆ’ ಎಂದಷ್ಟೇ ಬರೆದ. ಒಮ್ಮೆ ತಿಂದವರು ಆ ರುಚಿ ಮರೆಯಬಾರದು ಎಂಬ ಅರ್ಥದಲ್ಲಿ ‘ಸದಾ ನಿಮ್ಮ ನೆನಪಿನಲ್ಲಿ’ ಎಂದು ಸೇರಿಸಿದ. ನಮ್ಮ ಕಡೆ ಫ್ಲೆಕ್ಸ್ ಎಂದ ಮೇಲೆ ಕೆಳಗೆ ಜನ ಇರಲೇಬೇಕಲ್ಲ, ‘ಇಂತಿ, ಕುಟುಂಬ ವರ್ಗ ಮತ್ತು ಬಂಧು ಮಿತ್ರರು’ ಎಂದು ಮುಗಿಸಿದ. ಹಿಂದಕ್ಕೆ ಸರಿದು ನೋಡಿದ. ಕಣ್ಣು ತುಂಬಿ ಬಂತು.

ಮದ್ದೂರಿನ ದೀಪಿಕ ಆ ಹಾಳೆ ನೋಡಿದವಳೇ ಕುರ್ಚಿಯಿಂದ ಎದ್ದು ನಿಂತಳು. ಅವಳ ಅಂಗಡಿಯಲ್ಲಿ ಎರಡೇ ಬಗೆಯ ಫ್ಲೆಕ್ಸು ಆಗುವುದು, ಹುಟ್ಟುಹಬ್ಬದ್ದು ಒಂದು, ಇನ್ನೊಂದು ಹೇಳಬಾರದ್ದು. ಇದು ಯಾವುದು ಎಂದು ಅವಳು ಕೇಳುವ ಅಗತ್ಯವೇ ಬೀಳಲಿಲ್ಲ. ಹಾಳೆಯ ಮುಖಕ್ಕೂ ಎದುರು ನಿಂತವನ ಮುಖಕ್ಕೂ ಹೋಲಿಕೆಯೇ ಇರಲಿಲ್ಲವಾಗಿ, ಯಾರೋ ದಾಯಾದಿ ಇರಬೇಕು ಎಂದುಕೊಂಡಳು.

“ಒಂದೊಳ್ಳೆ ಫೋಟೋ ಇಲ್ವಾ ಅಂಕಲ್?”

“ಇಲ್ಲ ಕಣಮ್ಮ. ಕೈಯಾರೆ ಬರೆದದ್ದೇ ಬೇಕು.”

“ಬಾರ್ಡರ್ ಕಪ್ಪು ಹಾಕ್ಲಾ?”

“ಆಕು, ಗಂಭೀರವಾಗಿರ್ತದೆ.”

ಮಾರನೆಯ ದಿನ ಬೆಳಗ್ಗೆ ಹನಕೆರೆ ಗೇಟಿನಲ್ಲಿ ಒಂದು, ಮದ್ದೂರು ಬಸ್ ಸ್ಟ್ಯಾಂಡಿನ ಮುಂದೆ ಒಂದು, ಮಳವಳ್ಳಿ ರಸ್ತೆಯಲ್ಲಿ ಒಂದು ಫ್ಲೆಕ್ಸು ಎದ್ದು ನಿಂತವು. ಅಷ್ಟು ಹೊತ್ತಿಗೆ ಮಹದೇವು ಮೊದಲ ಬಸ್ಸಿಗೇ ಮಳವಳ್ಳಿಗೆ ಹೋಗಿದ್ದ, ಅಲ್ಲಿನ ಅಂಗಡಿಗಳಿಗೆ ‘ಲೋಗೋ ಬತ್ತಾ ಅದೆ’ ಎಂದು ತಿಳಿಸಿ ಬರಲು. ಹಿಂದಿನ ದಿನವೆಲ್ಲ ಲೋಗೋದ ಫೋಟೋ ತೆಗೆದೂ ತೆಗೆದೂ ಫೋನಿನ ಚಾರ್ಜು ಮುಗಿದಿತ್ತು.

ಮಧ್ಯಾಹ್ನ ವಾಪಸು ಬರುವಾಗ ಬಸ್ಸಿನ ಕಿಟಕಿಯಿಂದ ತನ್ನ ಮುಖ ಕಂಡಿತು. ಮುಂದಿನ ಸೀಟಿನ ಹೆಂಗಸು ಕೈ ಎತ್ತಿ ಮುಗಿದಳು. ಅವಳ ಪಕ್ಕದವನು ತಲೆಗೆ ಸುತ್ತಿದ್ದ ಟವಲು ತೆಗೆದು ಹೆಗಲಿಗೆ ಹಾಕಿಕೊಂಡ. ಮಹದೇವು ದಂಗಾದ. ಲೋಗೋಗೆ ಶಕ್ತಿ ಇರುತ್ತದೆ ಎಂದು ಕೇಳಿದ್ದ, ಇಷ್ಟಿರುತ್ತದೆ ಎಂದು ಗೊತ್ತಿರಲಿಲ್ಲ. ಮದ್ದೂರಿನಲ್ಲಿ ಇಳಿದರೆ ಫ್ಲೆಕ್ಸಿನ ಬುಡದಲ್ಲಿ ಊದುಬತ್ತಿ ಹೊಗೆಯಾಡುತ್ತಿದೆ, ಯಾರೋ ಸೇವಂತಿಗೆ ಹಾರವನ್ನೂ ಹಾಕಿದ್ದಾರೆ.

ಅಲ್ಲಿ ನಿಂತವನೊಬ್ಬನನ್ನು ಮೆಲ್ಲಗೆ ಕೇಳಿದ. “ಎಂಗದೆ?”

“ಒಳ್ಳೆ ಮನ್ಸ ಅಂತೆ ಕಣಣ್ಣ. ಮೊಕ ನೋಡಿ, ಬಾಳ ನರಳವ್ನೆ ಅನ್ನುಸ್ತದೆ.”

‘ಬಾಳ ನರಳಿಯೇ ಬರೆದೆ’ ಎಂದು ಮಹದೇವು ಮನಸ್ಸಿನಲ್ಲೇ ಅಂದುಕೊಂಡ. ತಾನೇ ಅವನು ಎಂದು ಹೇಳಿಕೊಳ್ಳುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಮಂಡ್ಯದ ಬಸ್ಸು ಹತ್ತಿದ.

ಹನಕೆರೆಯಲ್ಲಿ ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಒಂದು ಟೆಂಪೋ ತುಂಬ ಜನ ಆಗ ತಾನೇ ಇಳಿಯುತ್ತಿದ್ದರು. ಲೋಗೋ ಹಾಕಿದ ದಿನವೇ ಇಷ್ಟು ಗಿರಾಕಿಗಳೇ ಎಂದು ಮಹದೇವು ಖುಷಿಯಿಂದ ಒಂದು ಕುರ್ಚಿ ಹಿಡಿದು ಹಿಂದಿನ ಸಾಲಿನಲ್ಲಿ ಕೂತ. ಎಲ್ಲರ ಕಣ್ಣೂ ರಸ್ತೆಯ ಮೇಲೆ, ಬರಬೇಕಾದ ದೇಹದ ಮೇಲೆ. ಚೀಲ ಹಿಡಿದು ಬೆವರಿಳಿಸಿಕೊಂಡು ಬಂದ ಜೀವಂತ ಮನುಷ್ಯನನ್ನು ಯಾರು ನೋಡುತ್ತಾರೆ?

“ಬಾಡಿ ಮಂಡ್ಯದಿಂದ ಬರ್ಬೇಕಂತೆ,” ಎನ್ನುತ್ತಿದ್ದ ಒಬ್ಬ.

“ಮಳವಳ್ಳಿಯಿಂದ ಅಂದ್ರಲ್ಲ?”

“ಎಲ್ಲಿಂದಾದ್ರೂ ಬರ್ಲಿ, ಕತ್ತಲಾಗೋದ್ರೊಳ್ಗೆ ಬಂದ್ರೆ ಸಾಕು.”

ತಿಮ್ಮಯ್ಯ ಶಾಮಿಯಾನದ ಕಂಬಕ್ಕೆ ಒರಗಿ ಎಲ್ಲರಿಗೂ ವಿವರಿಸುತ್ತಿದ್ದ. ಬೆಳಗ್ಗೆ ಕೊಕ್ಕರೆ ಬೆಳ್ಳೂರಿನ ತಂಗಿ ಮನೆಗೆ ಹೊರಟವನು ಗೇಟಿನಲ್ಲಿ ಫ್ಲೆಕ್ಸು ನೋಡಿ, ಅಲ್ಲೇ ನಿಂತು ಸಿಕ್ಕವರಿಗೆಲ್ಲ ಫೋನು ಮಾಡಿದ್ದ. “ಅಟ್ಟದ ಮ್ಯಾಲೆ ಲೋಗೋ ಬರೀತಾ ಕುಂತಿದ್ದ ಕಣ್ರಪ್ಪಾ. ಅದನ್ನ್ ಬರೆದು ಬಸ್ಸತ್ತಿದೋನು ಅಂಗೇ ಓಗ್ಬುಟ್ಟವ್ನೆ. ನಾನೇ ಮೊಕ ಬರಿ ಅಂದಿದ್ದೆ. ಪಾಪಿ ನಾನು!”

ಮಹದೇವುವಿನ ಸೋದರತ್ತೆ ಮುದ್ದಮ್ಮ ಎದೆ ಬಡಿದುಕೊಂಡು ರಾಗವಾಗಿ ಅಳುತ್ತಿದ್ದಳು. “ನನ್ ಮಂಕ್ರಿ ಈಸ್ಕಂಡೋದ ನನ್ ಕಂದಾ, ಮಂಕ್ರಿ ಕೊಡ್ದಲೇ ಓದ್ಯಾ ನನ್ ಕಂದಾ…”

ಮಂಕರಿ ಬುಟ್ಟಿಯ ಮಾತು ಬಂದಾಗ ಮಹದೇವುವಿಗೆ ಅನುಮಾನ ಹತ್ತಿತು. ಮುದ್ದಮ್ಮನ ಮಂಕರಿ ತೆಗೆದುಕೊಂಡವನು ಊರಲ್ಲಿ ಅವನೊಬ್ಬನೇ.

ಅಷ್ಟರಲ್ಲಿ ಕಾರಿನಿಂದ ರಾಜೇಂದ್ರ ಇಳಿದರು, ಕೈಯಲ್ಲಿ ದೊಡ್ಡ ಹಾರ. “ಮೊನ್ನೆ ತಾನೇ ಅಂಗಡಿಗೆ ಬಂದಿದ್ರು. ಮುಖಕ್ಕೆ ಹೊಡೆದ ಹಾಗೆ ಲೋಗೋ ಎಲ್ಲಿ ಅಂತ ಕೇಳಿಬಿಟ್ಟೆ,” ಎಂದು ಕೆಂಪಸಿದ್ದಯ್ಯನ ಕೈ ಹಿಡಿದುಕೊಂಡರು. “ಅವರ ಮನೆಯವರಿಗೆ ಹೇಳಿ. ಪುಡಿ ನಿಲ್ಲಿಸೋದು ಬೇಡ. ಲೋಗೋನೂ ಬೇಡ, ಏನೂ ಬೇಡ. ಆ ಪುಣ್ಯಾತ್ಮನ ನೆನಪಿಗೆ ಮುಂದಿನ ಸಾಲಲ್ಲೇ ಇಡ್ತೀನಿ.”

“ಪುಡಿ ನಿಲ್ಲಾಕಿಲ್ಲ ಬುಡಿ ಸಾಮಿ,” ಎಂದ ಕೆಂಪಸಿದ್ದಯ್ಯ. “ಮಾಡ್ತಿದ್ದೋಳು ಅವ್ಳು. ಇವ್ನು ಬಸ್ಸಲ್ಲಿ ಓಡಾಡ್ತಿದ್ದ.”

“ಅಂಗಾರೆ ಪುಡಿಗೇನೂ ತೊಂದ್ರೆ ಇಲ್ಲ,” ಎಂದಿತು ಇನ್ನೊಂದು ದನಿ, ನಿಜವಾದ ಸಮಾಧಾನದಿಂದ. ಸುತ್ತಲಿನವರೂ ಉಸಿರು ಬಿಟ್ಟರು. ಸತ್ತವನನ್ನು ಕುರಿತು ಅಲ್ಲಿ ಅದಕ್ಕಿಂತ ಹೆಚ್ಚಿನ ಚರ್ಚೆ ನಡೆಯಲಿಲ್ಲ.

ಮಹದೇವುವಿಗೆ ಎಲ್ಲ ಒಮ್ಮೆಗೇ ಅರ್ಥವಾಯಿತು. ಸತ್ತದ್ದು ತಾನು. ತಾನು ಸತ್ತದ್ದರಿಂದ ಗಿರಣಿ ಬರುತ್ತದೆ. ತಾನು ಇಲ್ಲದಿದ್ದರೆ ಪುಡಿಗೆ ಏನೂ ಆಗುವುದಿಲ್ಲ. ಅವನಿಗೆ ತಡೆಯಲಾರದಷ್ಟು ದುಃಖ ಬಂತು. ಟವಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ.

ಕೆಂಪಸಿದ್ದಯ್ಯ ಬಂದು ಹೆಗಲು ಮುಟ್ಟಿದ. “ಅಳ್ಬ್ಯಾಡ ಕಣಪ್ಪ. ನೀನ್ ಅವಂಗೆ ಏನಾಗ್ಬೇಕು?”

“ನಾನೇ ಅವ್ನು ಕಣಣ್ಣ.”

ಆಮೇಲಿನದನ್ನು ಕ್ರಮವಾಗಿ ಹೇಳುವುದು ಕಷ್ಟ. ಕುರ್ಚಿಗಳು ಉರುಳಿದವು. ಟೆಂಪೋದಲ್ಲಿ ಬಂದವರಲ್ಲಿ ಅರ್ಧ ಜನ ಟೆಂಪೋಗೇ ಓಡಿದರು. ಮುದ್ದಮ್ಮ ಅಳು ನಿಲ್ಲಿಸಿ, ಹತ್ತಿರ ಬಂದು ಅವನ ಕೆನ್ನೆ ಚಿವುಟಿ, ಬಿಸಿ ಇದೆ ಎಂದು ಖಾತ್ರಿ ಮಾಡಿಕೊಂಡು, “ಮಂಕ್ರಿ ಎಲ್ಲೋ?” ಎಂದಳು. ಮಹದೇವು ತೊದಲುತ್ತಾ ಲೋಗೋದ ಕತೆ ಹೇಳಲು ಹೋದ. ಹೆದರಿಕೆ ಇಳಿದ ಹಾಗೆ ಜನಕ್ಕೆ ಸಿಟ್ಟು ಏರಿತು.

“ನಿನ್ ಮೊಕಕ್ ಬೆಂಕಿ ಆಕ! ಕಬ್ಬು ಕಡಿಯಾದ್ ಬುಟ್ಟು ಬಂದಿವ್ನಿ ಕಣ್ಲಾ!”

“ಊರ್ ತುಂಬ ಫ್ಲೆಕ್ಸ್ ಆಕ್ಸಿ ನಮ್ಮನ್ನ ಅಳ್ಸಿ ತಮಾಸೆ ನೋಡ್ತಿಯೇನ್ಲಾ?”

“ನಾನು ಮೊಕನೇ ಓಲ್ತಿಲ್ವಲ್ಲ ಅಂದೆ,” ಎಂದ ತಿಮ್ಮಯ್ಯ. “ಸತ್ ಮ್ಯಾಲೆ ಮೊಕ ಬದ್ಲಾಯ್ತದೆ ಅಂದ್ಕಂಡು ಸುಮ್ಗಾದೆ.”

ರಾಜೇಂದ್ರ ಹಾರವನ್ನು ಏನು ಮಾಡಬೇಕೋ ತಿಳಿಯದೆ ಹಿಡಿದುಕೊಂಡೇ ನಿಂತಿದ್ದರು. ಅವರ ಮುಖ ಕೆಂಪಾಗಿತ್ತು. “ಏನ್ರೀ ಇದು? ಪ್ರಚಾರಕ್ಕೆ ಸಾಯೋ ಆಟನಾ? ಸಾವಿನಲ್ಲೂ ವ್ಯಾಪಾರ ಮಾಡೋರ ಮಾಲು ನನ್ನ ಅಂಗಡಿಗೆ ಬರೋದು ಬೇಡ.” ಕಾರಿನ ಕಡೆ ತಿರುಗಿದರು. ಗಿರಣಿಯೂ ಅವರ ಜೊತೆಗೇ ಹೊರಟಿತು.

ಆಗ ಚಲುವಮ್ಮ ಹೊಸ್ತಿಲಿಗೆ ಬಂದಳು. ತಲೆ ಕೆದರಿತ್ತು. ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ತಿಮ್ಮಯ್ಯನ ಫೋನು ಕಿತ್ತುಕೊಂಡು ಅದರಲ್ಲಿದ್ದ ಫ್ಲೆಕ್ಸಿನ ಚಿತ್ರ ನೋಡಿದಳು. ಮೆಣಸಿನಕಾಯಿ ಹಾರ ನೋಡಿದಳು, ಇಸವಿ ನೋಡಿದಳು. ಅಷ್ಟು ಸಾಕಾಯಿತು ಅವಳಿಗೆ. ಫೋನು ವಾಪಸು ಕೊಟ್ಟು, ಸೆರಗು ಸರಿ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ಕಾಗೆ ಮುಟ್ಟಿತ್ತು.”

ಕಾರಿನ ಬಾಗಿಲು ತೆರೆದಿದ್ದ ರಾಜೇಂದ್ರ ತಿರುಗಿ ನೋಡಿದರು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗೆ ಬಂದು ತಲೆಗೆ ಬಡಿದರೆ ಸಾವು ಹತ್ತಿರ ಸುಳಿದ ಹಾಗೆ. ಅದಕ್ಕೆ ಒಂದೇ ದಾರಿ: ಆ ಮನುಷ್ಯ ಸತ್ತ ಎಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ನಿಜವಾಗಿ ಅತ್ತರೆ ಸಾವು ತನ್ನ ಕೆಲಸ ಆಯಿತೆಂದು ಬಂದ ದಾರಿಯಲ್ಲೇ ಹೋಗುತ್ತದೆ. ಹಿಂದೆ ಇದಕ್ಕೆ ಆಳು ಕಳಿಸುತ್ತಿದ್ದರು, ಆಮೇಲೆ ಫೋನು ಬಂತು. ಫ್ಲೆಕ್ಸು ಹಾಕಿದವರು ಮಾತ್ರ ಅಲ್ಲಿಯವರೆಗೆ ಯಾರೂ ಇರಲಿಲ್ಲ.

“ಯಾವಾಗ್ಲವ್ವಾ?” ಎಂದ ಕೆಂಪಸಿದ್ದಯ್ಯ, ದನಿ ತಗ್ಗಿಸಿ.

“ಮಂಗಳ್ವಾರ. ಇಟ್ಲಲ್ಲಿ ನಿಂತಿದ್ರು, ನೆತ್ತಿ ಮ್ಯಾಲೇ ಕುಂತ್ಕಂಡ್ ಓಯ್ತು.”

“ಮೊದ್ಲೇ ಯೋಳ್ಬಾರ್ದಾ ಮತ್ತೆ?”

“ಯೋಳಿದ್ರೆ ನೀವ್ ಅಳ್ತಿದ್ರಾ?”

ಕೆಂಪಸಿದ್ದಯ್ಯ ಗಂಭೀರವಾಗಿ ತಲೆ ಆಡಿಸಿ, ಎಲ್ಲರ ಪರವಾಗಿ ತೀರ್ಪು ಕೊಟ್ಟ. “ಸರಿಯಾಗೇ ಮಾಡವ್ಳೆ.”

ಅಲ್ಲಿಂದ ಗಾಳಿ ತಿರುಗಿತು. ಮೋಸ ಹೋದವರಾಗಿದ್ದವರೆಲ್ಲ ಒಂದು ಜೀವ ಉಳಿಸಿದವರಾದರು. ಟೆಂಪೋ ಹತ್ತಿದ್ದವರು ಇಳಿದು ಬಂದರು. “ನಾನು ಗೇಟಲ್ಲೇ ಸುರು ಮಾಡ್ದೆ ಅಳಾದ,” ಎಂದ ಒಬ್ಬ. “ನೀನೇನ್ ಮಹಾ ಅತ್ತೆ? ಬೀಡಿ ಸೇದ್ತಾ ಕುಂತಿದ್ದೆ,” ಎಂದ ಇನ್ನೊಬ್ಬ. ಮುದ್ದಮ್ಮ ಇಬ್ಬರನ್ನೂ ಪಕ್ಕಕ್ಕೆ ತಳ್ಳಿ, “ಅವನ್ ಉಸ್ರು ಉಳ್ಸಿರಾದು ನಾನು. ನನ್ ಗಂಟ್ಲು ನೋಡಿ, ಬಿದ್ದೋಗದೆ,” ಎಂದು ಬಾಯಿ ತೆರೆದು ತೋರಿಸಿದಳು. ಕಣ್ಣಲ್ಲಿ ನೀರೇ ಬಂದಿರದ ಕೆಲವರು ಈಗ ಸ್ವಲ್ಪ ಅತ್ತು ಕೊರತೆ ತುಂಬಿಕೊಂಡರು.

ರಾಜೇಂದ್ರ ಕಾರಿನ ಬಾಗಿಲು ಮುಚ್ಚಿದರು. “ನಮ್ಮ ತಂದೆಗೂ ಒಂದ್ಸಲ ಮುಟ್ಟಿತ್ತು,” ಎಂದರು ಮೆಲ್ಲಗೆ. “ನಾವು ಸುಳ್ಳು ಹೇಳೋದಕ್ಕೆ ನಾಚಿಕೆ ಪಟ್ಟುಕೊಂಡ್ವಿ.” ಅದರ ಮುಂದಿನದನ್ನು ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಹಾರವನ್ನು ತಂದು ಮಹದೇವುವಿನ ಕೊರಳಿಗೇ ಹಾಕಿದರು.

ಅಷ್ಟು ಜನ ಸೇರಿದ ಮೇಲೆ ಬರಿಹೊಟ್ಟೆಯಲ್ಲಿ ಕಳಿಸಲಾಗುತ್ತದೆಯೇ? ಕೋಳಿಗಳು ಬಂದವು, ಒಲೆ ಹತ್ತಿತು, ಚಲುವಮ್ಮ ಸಾರಿಗೆ ಪುಡಿ ಹಾಕಿದಳು. ರಾಜೇಂದ್ರ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದವರೇ ಇನ್ನೊಂದು ತುತ್ತಿಗೆ ಕೈ ಹಾಕಿದರು. ಎರಡನೆಯ ಸಲ ಬಡಿಸುವಾಗ, “ಅಮ್ಮಾ, ಇದನ್ನ ತಿಂಗಳು ತಿಂಗಳು ಕಳಿಸಿ,” ಎಂದರು. ಆಮೇಲೆ ಬೆರಳು ನೆಕ್ಕಿಕೊಂಡು, “ಲೋಗೋ ಒಂದು ಇದ್ದಿದ್ರೆ ಚೆನ್ನಾಗಿತ್ತು,” ಎಂದು ಸೇರಿಸಿದರು. ವ್ಯಾಪಾರಸ್ಥರು ವ್ಯಾಪಾರಸ್ಥರೇ.

ಎಲ್ಲರೂ ಹೋದ ಮೇಲೆ ಮಹದೇವು ಜಗುಲಿಯಲ್ಲಿ ಹಾರ ಹಾಕಿಕೊಂಡೇ ಕೂತಿದ್ದ. ಊರೆಲ್ಲ ಅತ್ತ ಲೆಕ್ಕ ಅವನಿಗೆ ಸಿಕ್ಕಿತ್ತು. ಒಬ್ಬರದು ಮಾತ್ರ ಸಿಕ್ಕಿರಲಿಲ್ಲ.

“ಅಮ್ಮೀ, ನೀನು ಅತ್ತ್ಯಾ?”

“ನಂಗೆ ಅಳಕ್ಕೆ ಪುರ್ಸೊತ್ತೆಲ್ಲಿತ್ತು? ಜನ ಬಂದಿದ್ರಲ್ಲ,” ಎಂದು ಚಲುವಮ್ಮ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ನಿಜವೇ ಇರಬೇಕು ಎಂದುಕೊಂಡ. ಪುಡಿಗೇ ಬೇಡವಾದವನು ಪುಡಿ ಮಾಡುವವಳಿಗೆ ಯಾಕೆ ಬೇಕು? ಎಂಜಲೆಲೆ ಹಾಕಲು ಹಿತ್ತಲಿಗೆ ಹೋದವನ ಕಾಲಿಗೆ ಏನೋ ಗರಗರ ಸಿಕ್ಕಿತು. ಬಗ್ಗಿ ನೋಡಿದ. ಧನಿಯ. ಒಂದು ಬಾಣಲೆ ತುಂಬ ಧನಿಯ ಸೀದು ಇದ್ದಿಲಾಗಿ, ಗೋಡೆಯ ಮೂಲೆಯಲ್ಲಿ ಸುರಿದು ಬಿದ್ದಿತ್ತು. ಬಾಣಲೆಯೂ ಅಲ್ಲೇ ಬೋರಲಾಗಿತ್ತು.

ಮದುವೆಯಾದಾಗಿನಿಂದ ಅವಳು ಧನಿಯ ಸೀಯಿಸಿದ್ದನ್ನು ಅವನು ಕಂಡಿರಲಿಲ್ಲ. ಹೆರಿಗೆ ನೋವು ಬಂದಾಗಲೂ ಒಲೆಯಿಂದ ಬಾಣಲೆ ಇಳಿಸಿಟ್ಟು ಆಮೇಲೆ ಕೂಗಿಕೊಂಡವಳು ಅವಳು. ಮಹದೇವು ಒಂದು ಹಿಡಿ ಕರಿ ಧನಿಯ ಕೈಯಲ್ಲಿ ಹಿಡಿದು ಅಲ್ಲೇ ಕೂತುಬಿಟ್ಟ. ಅವನಿಗೆ ಬೇಕಾದ ಲೆಕ್ಕ ಅಲ್ಲಿತ್ತು. ಒಳಗೆ ಹೋಗಿ ಆ ವಿಷಯ ಎತ್ತಲಿಲ್ಲ, ಬಾಣಲೆಯನ್ನು ಮಾತ್ರ ತಾನೇ ಉಜ್ಜಿ ತಂದಿಟ್ಟ.

ವಾರ ಕಳೆಯುವಷ್ಟರಲ್ಲಿ ಮಳವಳ್ಳಿಯ ಅಂಗಡಿಗಳಲ್ಲಿ ಜನ ‘ಆ ಕಾಗೆ ಪುಡಿ ಬಂದದಾ?’ ಎಂದು ಕೇಳತೊಡಗಿದರು. ಮದ್ದೂರಿನಲ್ಲೂ ಅದೇ ಹೆಸರು, ಮಂಡ್ಯದಲ್ಲೂ ಅದೇ. ರಾಜೇಂದ್ರ ಫೋನು ಮಾಡಿ, “ಕಾಗೆನೇ ಹಾಕಿ. ಬರೆಯೋರ ಕೈಲಿ ಬರೆಸಿ,” ಎಂದು ಒತ್ತಿ ಒತ್ತಿ ಹೇಳಿದರು.

ಮಹದೇವು ಚಲುವಮ್ಮನನ್ನು ಕೇಳಿದ. ಈ ಸಲ ಕೇಳಿದ. “ದೀಪಿಕನ ಕೈಲಿ ಬರೆಸ್ಲಾ?”

ಚಲುವಮ್ಮ ಸ್ವಲ್ಪ ಯೋಚನೆ ಮಾಡಿದಳು. “ನೀವೇ ಬರೀರಿ. ಕಾಗೆ ತಾನೇ, ಎಂಗಿದ್ರೂ ಆಯ್ತದೆ.”

ಹಾಳೆ ಹಿಡಿದು ಮತ್ತೆ ಅಟ್ಟ ಹತ್ತಿದ. ಕೊಕ್ಕು, ರೆಕ್ಕೆ, ಓರೆ ನೋಟ ಎಲ್ಲ ಕಾಗೆಯದ್ದೇ ಬರೆದ. ಕೆಳಗಿಳಿದು ತಂದರೆ ಜಗುಲಿಯಲ್ಲಿದ್ದ ಕೆಂಪಸಿದ್ದಯ್ಯ ನೋಡಿದವನೇ, “ಅಲಲಾ, ಥೇಟ್ ಮಾದೇವುನೇ ಕಣ್ಲಾ!” ಎಂದ. ತಿಮ್ಮಯ್ಯ ಇಣುಕಿ, “ಆ ಫ್ಲೆಕ್ಸಲ್ಲಿ ಒಂಚೂರೂ ಓಲ್ತಿರ್ಲಿಲ್ಲ. ಇದ್ರಲ್ಲಿ ಉಸ್ರು ಒಂದ್ ಇಲ್ಲ,” ಎಂದ. ಮುದ್ದಮ್ಮ ದೂರದಿಂದಲೇ ನೋಡಿ ಮಂಕರಿ ಕೇಳಿದಳು.

ಮಹದೇವು ಪೆಚ್ಚಾಗಿ ಹಾಳೆ ಮಡಚಲು ಹೋದ. ಚಲುವಮ್ಮ ಕೈ ಒರೆಸಿಕೊಂಡು ಅದನ್ನು ಈಸಿಕೊಂಡಳು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಇದೇ ಇರ್ಲಿ ಬುಡಿ,” ಎಂದಳು. “ಇಸ್ವಿ ಒಂದ್ ಬರೀಬ್ಯಾಡಿ.”